ಗೋದಾಮಿನೊಳಗೆ ಕೇಳಿಸಿದ ಕೊರಳಗಂಟೆ

ದೆವ್ವ, ಪವಾಡ ಅಂತ ಯಾರಾದರೂ ಬಾಯಿ ತೆಗೆದರೆ ಎದ್ದು ಹೋಗುತ್ತಿದ್ದವನು ನಾನು. ಈಗ ಕೂತು ಕೇಳುತ್ತೇನೆ. ಯಾಕೆ ಅಂತ ಹೇಳುತ್ತೇನೆ, ನಂಬುವುದು ನಿಮಗೆ ಬಿಟ್ಟದ್ದು.

ಸೊಲ್ಲಾಪುರದ ಅಕ್ಕಲಕೋಟ ರಸ್ತೆಯಲ್ಲಿ ಚಾದರ, ಟಾವೆಲ್ಲು ತುಂಬಿಡುವ ಒಂದು ಗೋದಾಮಿನಲ್ಲಿ ನಾನು ಕಾರಕೂನ. ಮೂಟೆ ಎತ್ತಿಡಲು ಬ್ಯಾಟರಿಯ ಫೋರ್ಕ್‌ಲಿಫ್ಟ್ ಇತ್ತು, ಬೆಕ್ಕಿನ ಹಾಗೆ ಸಪ್ಪಳವಿಲ್ಲದೆ ಓಡಾಡುವ ಗಾಡಿ. ಹಿಂದಕ್ಕೆ ಬರುವಾಗ ಪೀಂ ಪೀಂ ಎನ್ನಬೇಕಾದ ಹಾರ್ನು ಕೆಟ್ಟು ಬಹಳ ದಿನವಾಗಿತ್ತು. ಚಾಲಕ ಸಂತೋಷ ಬಾಯಿಂದಲೇ "ಸರಕಾ, ಸರಕಾ!" ಅಂತ, ಸರಿಯಿರಿ ಎಂದು ಮರಾಠಿಯಲ್ಲಿ ಒದರುತ್ತಿದ್ದ.

ಅವತ್ತು ಮಧ್ಯಾಹ್ನ ಕರಜಗಿಯ ಹಮಾಲ ಮಲ್ಲಪ್ಪ ಗಾಡಿಗೆ ಬೆನ್ನು ಮಾಡಿ, ಬಗ್ಗಿ, ಹರಿದ ಮೂಟೆ ಹೊಲಿಯುತ್ತಿದ್ದ. ಸಂತೋಷ ಮುಂದಿನ ಮೂಟೆಗಳ ಮೇಲೆ ಕಣ್ಣಿಟ್ಟು, ಒದರುವುದನ್ನು ಮರೆತು, ಗಾಡಿ ಹಿಂದಕ್ಕೆ ಬಿಟ್ಟ. ದೂರದಿಂದ ನಾನು ಕಂಡೆ. ಕೂಗಲು ಬಾಯಿ ತೆರೆಯುವಷ್ಟರಲ್ಲಿ ಗಾಡಿ ಅವನ ಬೆನ್ನ ಹತ್ತಿರ ಬಂದಿತ್ತು.

ಆಗ ಎತ್ತಿನ ಕೊರಳಗಂಟೆ ಕೇಳಿಸಿತು. ಒಂದೇ ಗಂಟೆ, ಒಡಕು ದನಿ, ಎತ್ತು ಓಡಿಬಂದ ಹಾಗೆ. ಮಲ್ಲಪ್ಪ ತಿರುಗಿಯೂ ನೋಡದೆ ಪಕ್ಕಕ್ಕೆ ಜಿಗಿದ. ಅವನಿದ್ದ ಜಾಗದ ಮೇಲೆ ಹಾದ ಗಾಡಿ ಮೂಟೆಯನ್ನು ಗೋಡೆಗೆ ಒತ್ತಿ ನಿಂತಿತು. ಅವನ ಕಾಲಿನ ಎರಡು ಬೆರಳು ಜಜ್ಜಿದವು, ಅಷ್ಟೇ.

"ಯಾವ ಮಗನಪಾ ಗೋದಾಮಿನ್ಯಾಗ ಎತ್ತ ಬಿಟ್ಟಾಂವ?" ಅಂತ ಆ ನೋವಿನಲ್ಲೂ ಬೈದ.

ಸಂತೋಷ ಗಾಡಿಯಿಂದ ಇಳಿದು ಬಂದು, "ಕಸಲಾ ಬೈಲ?" ಎಂಥ ಎತ್ತು ಅಂತ ಮರಾಠಿಯಲ್ಲಿ ಕೇಳಿದ. ಅವನಿಗೂ ಕೇಳಿಸಿರಲಿಲ್ಲ, ಉಳಿದ ಹಮಾಲರಿಗೂ ಇಲ್ಲ. ನಾನು ಬಾಗಿಲಿಗೆ ಓಡಿ ನೋಡಿದೆ. ರಸ್ತೆಯಲ್ಲಿ ಬರೀ ಟ್ರಕ್ಕುಗಳು.

ಸಂಜೆ ಮಲ್ಲಪ್ಪನ ಹೆಂಡತಿ ಗೌರವ್ವ ಎಸ್‌.ಟಿ. ಬಸ್ಸು ಹಿಡಿದು ದವಾಖಾನೆಗೆ ಬಂದಳು. ಗಂಟೆ ನನಗೂ ಕೇಳಿಸಿತ್ತೆಂದು ಗಂಡನಿಂದ ತಿಳಿದು, "ಗಂಟಿ ಹೆಂಗ ಕೇಳಸ್ತರಿ ಅಣ್ಣಾರ?" ಅಂತ ನನ್ನನ್ನು ಕೇಳಿದಳು.

"ಒಡಕ ಇತ್ತವಾ," ಅಂದೆ.

ಅವಳು ನನ್ನ ಹತ್ತಿರ ಸರಿದಳು. "ನಮ್ಮ ಬಸ್ಯಾಂದರಿ ಅದು. ಎತ್ತ ಸತ್ತ ವರ್ಷಾತು. ಗಂಟಿ ಮನ್ಯಾಗ ಗೂಟಕ್ಕ ಹಾಕೇವಿ. ಮುಂಜಾನಿಂದ ನಾ ಅಲ್ಲೇ ಇದ್ದೆ, ಅಲಗಾಡಿಲ್ಲರಿ."

"ಇದ್ದಾಗೂ ಹಿಂದಿಂದ ಬಂದ ಹಾಯತಿತ್ತ ಆ ಮಗಂದು," ಅಂತ ಮಲ್ಲಪ್ಪ ನಕ್ಕ. ನಗುತ್ತಲೇ ಕಣ್ಣು ಒರೆಸಿಕೊಂಡ.

ಅವನ ಕಿವಿಗೆ ಭ್ರಮೆ ಅನ್ನೋಣ. ಆದರೆ ಸೊಲ್ಲಾಪುರದ ನವಿ ಪೇಠದ ಮಾಳಿಗೆ ಮನೆಯಲ್ಲಿ ಬೆಳೆದ, ಆ ಎತ್ತನ್ನು ಕಂಡೇ ಇರದ ನನಗೆ ಹೇಗೆ ಕೇಳಿಸಿತು? ಇವತ್ತಿಗೂ ತಿಳಿದಿಲ್ಲ.

ಮುಂದೊಮ್ಮೆ ಕರಜಗಿಗೆ ಹೋದಾಗ ಗೌರವ್ವ ಆ ಗಂಟೆಯನ್ನು ಇಳಿಸಿ ನನ್ನ ಕೈಗೆ ಕೊಟ್ಟಳು. ಒಮ್ಮೆ ಅಲ್ಲಾಡಿಸಿದ್ದರೆ ಅದೇ ದನಿ ಹೌದೋ ಅಲ್ಲವೋ ಗೊತ್ತಾಗಿಬಿಡುತ್ತಿತ್ತು. ನಾನು ಅದರ ನಾಲಿಗೆಯನ್ನು ಬೆರಳಲ್ಲಿ ಹಿಡಿದು, ಸಪ್ಪಳಾಗದಂತೆ, ಅವಳ ಕೈಗೇ ಮರಳಿ ಕೊಟ್ಟೆ.