ಖಾನಾವಳಿಯ ಬುತ್ತಿ

ಹೈದರಾಬಾದಿನಲ್ಲಿ ನಾನು ಬಾಡಿಗೆಗೆ ಇರುವ ಗಲ್ಲಿಯಲ್ಲಿ ಆ ಊರಿನವರೇ ಮಾರುವ ತಿಂಡಿ ಹುಡುಕಿದರೂ ಸಿಗುವುದಿಲ್ಲ. ಮೂಲೆಯಲ್ಲಿ ನೇಪಾಳದ ಗಂಡ ಹೆಂಡತಿಯ ಮೊಮೊ ಗಾಡಿ, ಪಕ್ಕದಲ್ಲಿ ಬಿಹಾರದ ಮುದುಕನ ಕೆಂಡದಲ್ಲಿ ಸುಟ್ಟ ಹಿಟ್ಟಿನುಂಡೆ ಲಿಟ್ಟಿ, ಎದುರಿಗೆ ಬಂಗಾಳದವರ ಮೀನು ಅನ್ನ, ತುದಿಗೆ ಅಫಜಲಪುರ ಕಡೆಯ ಅಕ್ಕನೊಬ್ಬಳ ರೊಟ್ಟಿ ಖಾನಾವಳಿ. ಕೆಲಸ ಮುಗಿಸಿ ಬಂದವಳು ಇವರ ಮುಂದೆ ಒಂದು ಸುತ್ತು ಹಾಕದೆ ಮನೆ ಸೇರಿದ್ದು ಕಡಿಮೆ. ತಿನ್ನುವುದೆಂದರೆ ಎಷ್ಟು ಇಷ್ಟವೋ, ತಕರಾರು ತೆಗೆಯುವುದೂ ನನಗೆ ಅಷ್ಟೇ ಇಷ್ಟ. ಮೊಮೊದ ಚಟ್ನಿ ನೀರಾಗಿದೆ ಎನ್ನುತ್ತಿದ್ದೆ, ಲಿಟ್ಟಿಗೆ ಖಾರ ಸಾಲದು ಎನ್ನುತ್ತಿದ್ದೆ. ಅಕ್ಕನ ಹತ್ತಿರವಂತೂ ದಿನಾ ಜಗಳ. ನಾನು ಮಾದನಹಿಪ್ಪರಗಾದವಳು, ಪುಂಡಿಪಲ್ಯ ಹೇಗಿರಬೇಕೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ.

"ನಿಮ್ಮವ್ವ ನಿನಗ ನಾಲಿಗಿ ಭಾಳ ಉದ್ದ ಕೊಟ್ಟಾಳ ಬೇ," ಎಂದು ಬೈಯುತ್ತಲೇ ಅಕ್ಕ ಇನ್ನೊಂದು ರೊಟ್ಟಿ ಹಾಕುತ್ತಿದ್ದಳು.

ಹೋದ ಚಳಿಗಾಲದಲ್ಲಿ ಅವ್ವ ತೀರಿಕೊಂಡಳು. ನಾನು ಊರು ಮುಟ್ಟಿದಾಗ ಅವಳ ಹಣೆಗೆ ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸಿದ್ದರು. ಎಲ್ಲರೂ ಅತ್ತರು. ನನಗೆ ಅಳು ಬರಲಿಲ್ಲ. ದುಃಖವೂ ಬರಲಿಲ್ಲ, ಇದ್ದದ್ದು ಇದ್ದಹಾಗೆ ಹೇಳಬೇಕು. ಆ ಗೋಡೆಯ ಸುಣ್ಣ ಎಲ್ಲೆಲ್ಲಿ ಎದ್ದಿದೆ ಎಂದು ನೋಡುತ್ತ ಕೂತೆ.

"ಎಮ್ಮಿ ಮ್ಯಾಲ ಮಳಿ ಹೊಯ್ದಂಗ ಕುಂತಾಳ ನೋಡ್ರಿ," ಎಂದು ಸೋದರತ್ತೆ ಯಾರಿಗೋ ಹೇಳಿದ್ದು ಕಿವಿಗೆ ಬಿತ್ತು. ಸಿಟ್ಟೂ ಬರಲಿಲ್ಲ.

ನಮ್ಮ ಕಡೆ ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಬೀಗರು, ಓಣಿಯವರು ರೊಟ್ಟಿ ಝುಣಕದ ಬುತ್ತಿ ಕಟ್ಟಿಕೊಂಡು ಬರಬೇಕು, ಬೇಡವೆಂದರೂ ಬಿಡದೆ ಉಣ್ಣಿಸಬೇಕು. ಆಮೇಲೆಯೇ ಆ ಮನೆಯ ಒಲೆ ಹೊತ್ತುವುದು. ಬುತ್ತಿ ಬರುವ ಮೊದಲೇ, ಮಣ್ಣು ಕೊಟ್ಟ ಸಂಜೆಯೇ ನಾನು ಆಳಂದದ ಬಸ್ಸು ಹತ್ತಿ ಹೈದರಾಬಾದಿನ ದಾರಿ ಹಿಡಿದೆ. ಅಳುವವರ ನಡುವೆ ಒಣಗಣ್ಣಿನಲ್ಲಿ ಕೂರುವುದು ನನ್ನಿಂದ ಆಗಲಿಲ್ಲ.

ಬಂದ ಮೇಲೆ ಯಾರಿಗೂ ಹೇಳಲಿಲ್ಲ. ಗ್ಯಾಸ್ ಒಲೆ ಮಾತ್ರ ಹಚ್ಚಲಿಲ್ಲ. ವ್ರತವೇನಲ್ಲ, ಕೈ ಹೋಗಲಿಲ್ಲ ಅಷ್ಟೆ. ಚಹಾ ಸಹ ಹೊರಗೆ ಕುಡಿದೆ. ಒಂದು ದಿನ ಮೊಮೊ, ಒಂದು ದಿನ ಮೀನು, ಬಹಳ ದಿನ ರೊಟ್ಟಿ. ಬಾಯಿಗೆ ಒಂದು ಬಿಸಿ ಇತ್ತು, ಒಂದು ತಣ್ಣಗಿತ್ತು, ಅದಕ್ಕಿಂತ ಹೆಚ್ಚೇನೂ ತಿಳಿಯುತ್ತಿರಲಿಲ್ಲ. ಇದನ್ನೇ ಬುತ್ತಿ ಎಂದುಕೊಂಡು ಉಂಡರಾಯಿತಲ್ಲ ಎಂದು ಒಮ್ಮೆ ಅನ್ನಿಸಿತು. ಆದರೆ ಕೊಂಡು ತಿಂದದ್ದು ಬುತ್ತಿ ಹೇಗಾದೀತು? ಮೊಮೊ ಗಾಡಿಯ ಹೆಂಗಸು ಚಟ್ನಿ ಮುಂದಿಟ್ಟು, ನನ್ನ ತಕರಾರಿಗೆ ಕಾಯುತ್ತ ಮುಖ ನೋಡುತ್ತಿದ್ದಳು. ನಾನು ತಿಂದು ಹೊರಡುತ್ತಿದ್ದೆ.

ಒಂದು ಭಾನುವಾರ ಮಧ್ಯಾಹ್ನ ಖಾನಾವಳಿಯಲ್ಲಿ ರೊಟ್ಟಿ, ಪುಂಡಿಪಲ್ಯ ಉಂಡು ಕೈ ತೊಳೆಯಲು ಎದ್ದೆ. ಅಕ್ಕ ಅಡ್ಡ ಬಂದಳು.

"ಹ್ಯಾಂಗಿತ್ತು ಪಲ್ಯ?"

"ಛಲೋ ಇತ್ರಿ ಅಕ್ಕಾ."

"ಇವತ್ತ ಅದಕ್ಕ ಉಪ್ಪ ಹಾಕಾದೇ ಮರ್ತೇನಿ. ಬಂದ ಗಿರಾಕಿ ಎಲ್ಲಾ ಬೈದು ಹೋದ್ರು. ನೀ ತಾಟು ಒರಸಿ ಉಂಡಿ." ಅವಳ ದನಿ ಇಳಿಯಿತು. "ಊರಾಗ ಏನಾಗ್ಯದ? ಯಾರು?"

"ಅವ್ವ."

"ಬುತ್ತಿ ಉಂಡಿಯೇನು?"

ಇಲ್ಲವೆಂದು ತಲೆಯಾಡಿಸಿದೆ.

"ಹಂಗಾರ ನಿನಗ ಇಲ್ಲಿ ಊಟ ಇಲ್ಲ. ಕೊಂಡು ಉಣ್ಣೂದು ಸಾಕು. ನಡಿ ಮನಿಗಿ."

ಉಣ್ಣುತ್ತಿದ್ದವರೆಲ್ಲ ತಿರುಗಿ ನೋಡಿದರು. ಅವಮಾನ ಆಗಬೇಕಿತ್ತು, ಅದೂ ಆಗಲಿಲ್ಲ. ಮನೆಗೆ ಬಂದು ಮಲಗಿದೆ.

ಮರುದಿನ ಬೆಳಿಗ್ಗೆ ಅಕ್ಕ ಬಾಗಿಲು ಬಡಿದಳು. ಖಾನಾವಳಿ ಮುಚ್ಚಿ ಬಂದಿದ್ದಳು, ಕೈಯಲ್ಲಿ ಬಿಳಿ ಅರಿವೆಯ ಗಂಟು. ಒಲೆಯ ಮೇಲಿನ ಧೂಳು ನೋಡಿದಳು. ನೆಲದ ಮೇಲೆ ಗಂಟು ಬಿಚ್ಚಿ, ರೊಟ್ಟಿ ಮುರಿದು ಝುಣಕ ಹಚ್ಚಿ ನನ್ನ ಬಾಯಿಗೆ ಹಿಡಿದಳು.

"ಉಣ್ಣವ್ವಾ. ಹೋದೋರು ಹೋದ್ರು, ಇದ್ದೋರು ಉಣ್ಣಬೇಕು."

ಮೊದಲ ತುತ್ತು ಸುಮ್ಮನೆ ನುಂಗಿದೆ. ಎರಡನೆಯದನ್ನು ಅಗಿಯುವಾಗ ನಾಲಿಗೆಗೆ ಕಹಿ ಹತ್ತಿತು.

"ಬಳ್ಳೊಳ್ಳಿ ಸೀದಾವ್ರಿ," ಎಂದೆ.

"ಏನಂದಿ?"

"ಝುಣಕದಾಗ ಬಳ್ಳೊಳ್ಳಿ ಸೀದಾವ. ನಮ್ಮವ್ವ ಎಂದೂ ಹಿಂಗ ಮಾಡಿದಾಕಿ ಅಲ್ಲ..."

ಬಾಯಿತುಂಬ ರೊಟ್ಟಿ ಇಟ್ಟುಕೊಂಡೇ ಚಿಕ್ಕ ಹುಡುಗಿಯ ಹಾಗೆ ಜೋರಾಗಿ ಅತ್ತೆ. ಅವ್ವ ಇನ್ನಿಲ್ಲ ಎಂಬುದು ಆಗ ನೋಯತೊಡಗಿತು.

"ಬೈಯವ್ವಾ, ಇನ್ನಾ ಬೈ," ಎಂದು ಅಕ್ಕ ಬೆನ್ನು ಸವರುತ್ತ ಕೂತಳು. ಬುತ್ತಿ ತೀರಿದ ಮೇಲೆ ಒಲೆಯ ಕಡೆ ಕೈ ತೋರಿಸಿ, "ಏಳು, ನನಗ ಛಾ ಮಾಡಿ ಕೊಡು," ಎಂದಳು.

ಮೂಗು ಒರೆಸಿಕೊಂಡು ಎದ್ದು ಒಲೆ ಹಚ್ಚಿದೆ.