ಖಂಡೇಪೂಜೆಗೆ ಕೂತ ಫೈರ್‌ವಾಲ್

ಪುಣೆಯ ಹಡಪಸರದ ಆ ಎರಡು ಕೋಣೆಯ ಮನೆಗೆ ಸೊಸೆಯಾಗಿ ಬಂದ ಮೇಲೆ ಸ್ನೇಹಲ್ ದನಿ ಏರಿಸಿದ್ದನ್ನು ಯಾರೂ ಕೇಳಿರಲಿಲ್ಲ. 2006ರ ಖಂಡೇಪೂಜೆಯ ದಿನ, ಅಂದರೆ ನವಮಿಯ ಆಯುಧಪೂಜೆಯಂದು, ಕೇಳಿದರು. ಮೇಲಿನ ಮಹಡಿಯವರೂ ಕೇಳಿದರು.

ಅವಳಿಗೆ ಕೆಲಸ ಮಗರಪಟ್ಟಾದ ಒಂದು ಕಂಪನಿಯಲ್ಲಿ. ಹೊರದೇಶದ ಯಾವುದಾದರೂ ಕಚೇರಿಯ ನೆಟ್‌ವರ್ಕ್ ಕೆಟ್ಟರೆ ಫೋನು ಎತ್ತಬೇಕು, ದೂರು ಬರೆದುಕೊಳ್ಳಬೇಕು, ಸೆಕ್ಯುರಿಟಿ ತಂಡದವರಿಗೆ ದಾಟಿಸಬೇಕು. ದಾಟಿಸಿ ದಾಟಿಸಿ ಸಾಕಾಗಿತ್ತು. ಆ ತಂಡಕ್ಕೇ ಸೇರಬೇಕೆಂದರೆ ಒಂದು ಪರೀಕ್ಷೆ ಇತ್ತು. ಬೆಂಗಳೂರಿನ ಲ್ಯಾಬ್‌ನಲ್ಲಿ ಇಡೀ ದಿನ ಕೂತು, ಕೊಟ್ಟ ಯಂತ್ರಗಳನ್ನು ಹೊರಗಿನವರು ನುಗ್ಗದ ಹಾಗೆ ಬಂದೋಬಸ್ತು ಮಾಡಿ ತೋರಿಸಬೇಕು. ಬಾಯಿಪಾಠ ಅಲ್ಲಿ ನಡೆಯುವುದಿಲ್ಲ, ಬೆರಳಿಗೆ ರೂಢಿಯಾಗಿರಬೇಕು. ಹೋದ ಸಲ ಎರಡು ಕಚೇರಿಗಳ ನಡುವೆ ಯಾರೂ ಕದ್ದು ಓದಲಾಗದ ದಾರಿ, ಅವರ ಭಾಷೆಯಲ್ಲಿ ಟನಲ್, ಕಟ್ಟಲು ಹೋಗಿ ಎಡವಿದ್ದಳು. ಈ ಸಲವೂ ಎಡವಿದರೆ ಕಂಪನಿ ಮತ್ತೆ ಕಳಿಸುವುದಿಲ್ಲ.

ಮುಚ್ಚಿಹೋದ ಕಾಲ್ ಸೆಂಟರಿನ ಹಳೆಯ ರೌಟರುಗಳನ್ನೂ, ಹೊರಗಿನವರನ್ನು ತಡೆಯುವ ಒಂದು ಫೈರ್‌ವಾಲ್ ಪೆಟ್ಟಿಗೆಯನ್ನೂ ತಂದು ಮಂಚದ ಕೆಳಗೆ ಜೋಡಿಸಿಕೊಂಡಿದ್ದಳು. ಮಗಳು ಅಕ್ಕು ತೆವಳಿಕೊಂಡು ಹೋಗಿ ವಾಯರು ಕಚ್ಚದಂತೆ ಹಳೆಯ ತೊಟ್ಟಿಲಿನ ಹಲಗೆ ಅಡ್ಡ ಕಟ್ಟಿದ್ದಳು. ಬೇಳೆ ಬೇಯುವಷ್ಟರಲ್ಲಿ ಒಂದು ಅಭ್ಯಾಸ, ಅಕ್ಕು ನಿದ್ದೆ ಹೋದರೆ ಇನ್ನೊಂದು. ಕೂಸಿನ ನಿದ್ದೆಯನ್ನು ನಂಬಿ ಓದುವವರಿಗೇ ಗೊತ್ತು ಆ ಪಾಡು.

ನವಮಿಯ ದಿನ ಅವಳಿಗೆ ರಜೆ. ಮರುದಿನ, ದಸರೆಯ ಮಧ್ಯಾಹ್ನವೇ ಬೆಂಗಳೂರಿನ ಗಾಡಿ. ಇಡೀ ದಿನ ಕೂರಬಹುದು ಎಂದು ಬೆಳಿಗ್ಗೆಯೇ ಅಕ್ಕುವಿಗೆ ಎಣ್ಣೆ ಹಚ್ಚಿ, ಎರೆದು, ಟವೆಲಿನಲ್ಲಿ ಸುತ್ತಿಕೊಂಡು ಹೊರಗೆ ಬಂದರೆ ಮಂಚದ ಕೆಳಗೆ ಏನೂ ಇಲ್ಲ.

ಎಲ್ಲವೂ ದೇವರ ಜಗಲಿಯ ಮುಂದೆ ಇದ್ದವು. ಗಂಡ ಚನ್ನವೀರನ ಖಣದ ಅಂಗಡಿಯ ಗಜಕೋಲು, ಕತ್ತರಿ, ಅಂಗಡಿಯ ಮೊಬೈಲು, ಅಡುಗೆಮನೆಯ ಈಳಿಗೆ. ಅವುಗಳ ಪಕ್ಕದಲ್ಲಿ ಅವಳ ರೌಟರುಗಳು, ಎಲ್ಲಕ್ಕೂ ಮುಂದೆ ಫೈರ್‌ವಾಲ್. ಮೈತುಂಬ ವಿಭೂತಿ. ವಾಯರು ಸಿಕ್ಕಿಸುವ ಒಂದೊಂದು ತೂತಿಗೂ ಒಂದೊಂದು ಚೆಂಡುಹೂವು.

"ವಾಯರ್ ಯಾರ ಕಿತ್ತಾರ್ರೀ ಅತ್ತಿ?"

ಅತ್ತೆ ಶಿವಗಂಗವ್ವ ಹಿಗ್ಗಿನಿಂದ ತಿರುಗಿದಳು. "ನಾನ ಇಡಸೀನಿ. ಚನ್ನೂ ಕಿತ್ತುಕೊಟ್ಟ. ಎಲ್ಲಾರ ಆಯುಧಾ ಇಟ್ಟು ನಿಂದೊಂದ ಬಿಟ್ರ ಹೆಂಗವ್ವಾ?"

ಅತ್ತೆಯ ಮೇಲೆ ಸಿಟ್ಟು ಬರಲಿಲ್ಲ. ಬಂದದ್ದು ಚನ್ನವೀರನ ಮೇಲೆ. ನಾಳೆ ಪರೀಕ್ಷೆಗೆ ಹೊರಡುವವಳು ಎಂದು ಅವನಿಗೆ ಗೊತ್ತಿತ್ತು. ಟಿಕೆಟ್ ತೆಗೆಸಿದವನೇ ಅವನು.

"ರೀ, ಇವತ್ತೊಂದ ದಿನಾ ಉಳದದ. ನಾ ಎತ್ಕೋತೀನಿ."

"ಪೂಜಿಗೆ ಕೂತದ್ದು ನಾಳಿ ಸಂಜಿಗೆ ಬನ್ನಿ ಕೊಟ್ಟ ಮ್ಯಾಲೇ ಏಳೂದು," ಅಂದ ಅವನು, ಪೇಪರಿನಿಂದ ಕಣ್ಣೆತ್ತದೆ. "ಇಷ್ಟ ದಿನಾ ಓದೀದಿ. ಒಂದ ದಿನದಾಗ ಏನ ಹರಿದು ಬೀಳತದ?"

ಅಷ್ಟರಲ್ಲಿ ಜಗಲಿಯ ಮುಂದಿನ ಮೊಬೈಲು ಹೊಡೆದುಕೊಳ್ಳತೊಡಗಿತು. ಚನ್ನವೀರ ಪೇಪರ್ ಒಗೆದು ಓಡಿದ. ಹೂವು ಸರಿಸಿ, ಅಂಗಿಗೆ ವಿಭೂತಿ ಒರೆಸಿಕೊಂಡು, "ಹೋ ಹೋ, ಬೋಲಾ ಭಾವೂ, ಮಾಲ್ ತಯಾರ್ ಆಹೆ" ಎಂದು ಗಿರಾಕಿಯ ಜೊತೆ ಮರಾಠಿಯಲ್ಲಿ ಶುರು ಮಾಡಿದ. ಮುಗಿದ ಮೇಲೆ ಮೊಬೈಲನ್ನು ಮೆತ್ತಗೆ ಮೊದಲಿನ ಜಾಗದಲ್ಲೇ ಇಟ್ಟು ಕೈ ಮುಗಿದ.

ಸ್ನೇಹಲ್ ಅಕ್ಕುವನ್ನು ಅತ್ತೆಯ ತೊಡೆಯ ಮೇಲೆ ಕೂರಿಸಿದಳು. ದನಿ ಏರಿದ್ದು ಆಗ.

"ನಿಮ್ಮ ಫೋನ ಎದ್ರ ಪೂಜಿ ಮುರಿಯೂದಿಲ್ಲ, ನಂದು ಎದ್ರ ಮುರೀತದ?"

"ಏ, ಅದು ದಂಧೇದ್ದು ಅದ. ಗಿರಾಕಿ..."

"ಇದೂ ದಂಧೇನ! ನಾ ಏನ ಹರಟಿಗೆ ಹೊಂಟೀನೇನು ಬೆಂಗಳೂರಿಗೆ? ನಿಮಗ ಗಿರಾಕಿ ತಪ್ಪಿದ್ರ ನಾಳಿ ಮತ್ತೊಬ್ಬ ಬರ್ತಾನ. ನನಗ ಪರೀಕ್ಷಾದ ಸೀಟ ತಪ್ಪಿದ್ರ ಯಾರ ಬರ್ತಾರ?"

"ಸಣ್ಣಗ ಮಾತಾಡ, ಮ್ಯಾಲಿನವರು ಕೇಳ್ತಾರ."

"ಕೇಳ್ಲಿ!"

ಶಿವಗಂಗವ್ವ ಮೊಮ್ಮಗಳ ತಲೆ ಒರೆಸುತ್ತ ಕೂತಿದ್ದಳು. ಅವಳಿಗೆ ಟನಲ್ಲೂ ಗೊತ್ತಿಲ್ಲ, ಪರೀಕ್ಷೆಯೂ ಗೊತ್ತಿಲ್ಲ. ಗೊತ್ತಿದ್ದದ್ದು ಪೂಜೆಯ ಕಟ್ಟಳೆ. "ಚನ್ನೂ, ಹಂಗಾದ್ರ ಆ ಫೋನ ಬಂದ್ ಮಾಡು. ನಾಳಿ ಬನ್ನಿತನಕಾ ಮುಟ್ಟಬ್ಯಾಡ."

"ಅವ್ವಾ, ದಸರಾ ಆರ್ಡರ್ ಅದಾವ!"

"ಮುಟ್ಟಾಂವ ಇದ್ರ ಆಕೀನೂ ಮುಟ್ಟಲಿ. ನನ್ನ ಪೂಜಿ ಒಬ್ಬರಿಗೊಂದು, ಮತ್ತೊಬ್ಬರಿಗೊಂದು ಇಲ್ಲ."

ಚನ್ನವೀರ ಮೊಬೈಲ್ ನೋಡಿದ, ತಾಯಿಯನ್ನು ನೋಡಿದ, ಪೇಪರ್ ಎತ್ತಿಕೊಂಡ.

ಸ್ನೇಹಲ್ ಕೈ ಮುಗಿದು ರೌಟರುಗಳನ್ನೂ ಫೈರ್‌ವಾಲನ್ನೂ ಎತ್ತಿಕೊಂಡಳು. ಬೆಂಕಿಕಡ್ಡಿಯಿಂದ ಒಂದೊಂದೇ ತೂತಿನ ಚೆಂಡುಹೂವಿನ ಎಸಳು ಬಿಡಿಸಿದಳು. ನಿನ್ನೆ ಕಟ್ಟಿದ್ದ ಟನಲನ್ನು ಸೇವ್ ಮಾಡಿಟ್ಟಿರಲಿಲ್ಲ. ಕರೆಂಟು ಕಿತ್ತೊಡನೆ ಅದೆಲ್ಲ ಅಳಿಸಿಹೋಗಿತ್ತು. ಮೊದಲಿನಿಂದ ಶುರು. ಅಭ್ಯಾಸಕ್ಕೆ ಅದೂ ಒಳ್ಳೆಯದೇ ಆಯಿತಲ್ಲ ಎಂದು ಆಗ ಯಾರಾದರೂ ಅಂದಿದ್ದರೆ ಈಳಿಗೆಯನ್ನೂ ಪೂಜೆಯಿಂದ ಎಬ್ಬಿಸುತ್ತಿದ್ದಳೇನೋ. ಸಂಜೆಯ ಹೊತ್ತಿಗೆ ಟನಲ್ ಎದ್ದು ನಿಂತಿತು. ಬೀಳಿಸಿ ಮತ್ತೆ ಕಟ್ಟಿದಳು. ಅಷ್ಟು ಹೊತ್ತೂ ಅಕ್ಕು ಅಜ್ಜಿಯ ಹತ್ತಿರವೇ ಇದ್ದಳು.

ಮರುದಿನ ಸ್ಟೇಷನ್ನಿನಲ್ಲಿ ಚನ್ನವೀರ ಕೇಳಿದ, "ಸಿಟ್ಟು ಹೋತೇನ?"

"ಇಲ್ಲ. ಅಕ್ಕುಗ ಗಂಜಿ ಬಿಸಿ ಬಿಸಿ ಕುಡಿಸಬ್ಯಾಡ್ರಿ."

ಅವಳು ಪಾಸಾದಳು. ದೀಪಾವಳಿಗೆ ನಂಟರು ಬಂದಾಗ ಚನ್ನವೀರ ಎಲ್ಲರೆದುರು ಎದೆಯುಬ್ಬಿಸಿ ಹೇಳಿದ: "ನಮ್ಮ ಮನ್ಯಾಗ ಮಷೀನಿಗೂ ಖಂಡೇಪೂಜಿ ಮಾಡಿದ್ವಿ ನೋಡ್ರಿ. ಅದಕ್ಕ ಪಾಸಾತು!"

ಚಹಾ ತಂದ ಸ್ನೇಹಲ್ ತಟ್ಟೆಯನ್ನು ಅವನ ಮುಂದೆ ಸ್ವಲ್ಪ ಜೋರಾಗಿಯೇ ಇಟ್ಟಳು.

"ಪೂಜಿಯಿಂದ ಎಬ್ಬಿಸಿದ್ದಕ್ಕ ಪಾಸಾತ್ರಿ," ಅಂದಳು.

ನಂಟರು ನಕ್ಕರು, ಚನ್ನವೀರನೂ ನಕ್ಕ. ಅವಳು ನಗಲಿಲ್ಲ.