ಪೂಜೆಗಿಟ್ಟ ಜೀನು

ಸದಾಶಿವ ಪೇಠದ ಮಾರ್ತಾಂಡರಾಯರ ವಾಡೆಯಲ್ಲಿ ಇನ್ನೂ ಎರಡು ಸವಾರಿ ಕುದುರೆಗಳಿದ್ದ ಕಾಲ. ಅವುಗಳ ಜೀನು, ಲಗಾಮುಗಳನ್ನು ನೋಡಿಕೊಳ್ಳುತ್ತಿದ್ದವನು ಶಿವಪುತ್ರಪ್ಪ. ಬೈಲಹೊಂಗಲದಿಂದ ಹೊಟ್ಟೆಪಾಡಿಗೆ ಬಂದವನು. ರಾಯರ ತಾಯಿ ರಂಗೂಬಾಯಿಯ ತವರು ಬೆಳಗಾವಿ ಕಡೆಯದು. ಹೀಗಾಗಿ ಆ ಮರಾಠಿ ಮನೆಯಲ್ಲಿ ಅವನ ಕನ್ನಡ ಕೇಳಿಸಿಕೊಳ್ಳಲು ಒಬ್ಬರಾದರೂ ಇದ್ದರು.

ಸವಾರಿ ಮುಗಿದೊಡನೆ ಚರ್ಮದ ಮೇಲಿನ ಬೆವರನ್ನು ಒದ್ದೆ ಬಟ್ಟೆಯಿಂದ ಒರೆಸುವುದು ಅವನಿಗೆ ಊಟದಷ್ಟೇ ಖಾಯಂ. ವಾರಕ್ಕೊಮ್ಮೆ ಬಕಲುಗಳನ್ನೆಲ್ಲ ಬಿಚ್ಚಿ, ಮಡಿಕೆಗಳನ್ನು ಸಾಬೂನು ಹಚ್ಚಿ ತಿಕ್ಕಿ, ಹೊಲಿಗೆಯನ್ನು ಉಗುರಿನಿಂದ ಎಳೆದು ನೋಡುತ್ತಿದ್ದ. ಎಣ್ಣೆ ಮಾತ್ರ ಚರ್ಮ ಒಣಗಿತು ಎನಿಸಿದಾಗ, ಅದೂ ತೆಳ್ಳಗೆ. ಮಡಿಕೆಯಲ್ಲಿ ಕೂತ ಬೆವರಿನ ಉಪ್ಪು ಚರ್ಮವನ್ನು ಒಳಗಿನಿಂದ ಬಿರಿಸುತ್ತದೆ. ಮೇಲೆ ಕನ್ನಡಿಯಂತೆ ಹೊಳೆಯುತ್ತಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ.

ಆ ವರ್ಷ ಭಾದ್ರಪದದ ಮಳೆಯಲ್ಲಿ ಹೆಂಡತಿ ಕಲ್ಲವ್ವ ಚಳಿಜ್ವರದಿಂದ ಮಲಗಿದಳು. ದಿನದ ಒರೆಸುವಿಕೆ ನಡೆಯಿತು, ವಾರದ ಬಿಚ್ಚುವಿಕೆ ನಿಂತಿತು. ಖಂಡೇನವಮಿಯ ಆಯುಧಪೂಜೆಗೆ ಎಲ್ಲ ಬಿಚ್ಚಿದರಾಯಿತು ಎಂದುಕೊಂಡಿದ್ದ. ಅವತ್ತು ರಂಗೂಬಾಯಿ, ರಾಹುಕಾಲಕ್ಕೆ ಮೊದಲೇ ಪೂಜೆಯಾಗಬೇಕೆಂದು ಅವಸರ ಹಚ್ಚಿದರು. ದೇವರ ಮುಂದೆ ಇಡುವುದು ಹೊಳೆಯಬೇಕಲ್ಲ? ಮೇಲೆಮೇಲೆ ತಿಕ್ಕಿ, ಹಿತ್ತಾಳೆ ಬೆಳಗಿ, ಎರಡೂ ಜೀನುಗಳನ್ನು ಮಣೆಯ ಮೇಲಿಟ್ಟ. ಒಳಗಿನದು ಪೂಜೆಯ ನಂತರ.

ಅರಿಸಿನ ಕುಂಕುಮ ಬಿದ್ದ ಮೇಲೆ ಅವನಿಗೆ ಹೊಳೆಯಿತು. ಪೂಜೆಗಿಟ್ಟ ಆಯುಧವನ್ನು ಮರುದಿನ ದಸರೆಯ ಮಧ್ಯಾಹ್ನದವರೆಗೆ ಮುಟ್ಟುವಂತಿಲ್ಲ. ಆಮೇಲೆ ಜೀನು ನೇರ ಕುದುರೆಯ ಬೆನ್ನಿಗೆ. ಊರ ಗಡಿ ದಾಟುವ ಸೀಮೋಲ್ಲಂಘನದಲ್ಲಿ ರಾಯರು ಗೆಳೆಯರೊಡನೆ ಪಂದ್ಯ ಕಟ್ಟಿ ಚತುಃಶೃಂಗಿಯ ಬಯಲಿನಲ್ಲಿ ನಾಗಾಲೋಟ ಓಡಿಸುವವರು. ಜೀನನ್ನು ಬಿಗಿದ ಹೊಟ್ಟೆಪಟ್ಟಿ ಹರಿದರೆ ಸವಾರ ಗೊರಸಿನಡಿಗೆ.

ದಸರೆಯ ಬೆಳಿಗ್ಗೆ ರೊಟ್ಟಿಯ ತಟ್ಟೆಯನ್ನು ಹಾಗೇ ಸರಿಸಿದ.

"ಜ್ವರ ನನಗ ಬಂದಿತ್ತೋ, ನಿಮಗೋ?" ಎಂದಳು ಕಲ್ಲವ್ವ.

"ಹೊಟ್ಟಿಪಟ್ಟಿ ಬಿಚ್ಚಿ ನೋಡಿಲ್ಲ."

"ಬಾಯಾರಿಗೆ ಹೇಳ್ರಿ ಮತ್ತ."

"ಏನಂತ? ದೇವರ ಮುಂದ ಹೊಲಸ ಪಟ್ಟಿ ಇಟ್ಟೇನಿ ಅಂತನ?"

"ಹಂಗss ಹೇಳ್ರಿ. ರಾಯರ ಎಲುಬಕಿಂತ ನಿಮ್ಮ ಮಾನ ದೊಡ್ಡದೇನು?"

ರಂಗೂಬಾಯಿ ಕುದುರೆಗಳಿಗೆ ಚೆಂಡುಹೂವಿನ ಮಾಲೆ ಕಟ್ಟುತ್ತಿದ್ದರು. ಅವನ ಮಾತು ಕೇಳಿ ಕೈ ನಿಂತಿತು.

"ತಲಿ ಕೆಟ್ಟದೇನೋ ಶಿವಪುತ್ರಾ? ಪೂಜಾಕ್ಕ ಇಟ್ಟದ್ದನ್ನ ಬಿಚ್ಚತಾರೇನು?"

"ಒಳಗ ತೊಳದಿಲ್ಲರಿ ಬಾಯಾರ. ಮ್ಯಾಲ ಅಷ್ಟ ತಿಕ್ಕೇನಿ."

"ದೇವರಿಗೇ ಟೋಪಿ ಹಾಕಿದೇನೋ!"

"ಹೌದ್ರಿ. ದೇವರು ತಡಕೋತಾನ್ರಿ. ಕುದುರಿ ಮ್ಯಾಲ ಕೂಡೋರು ರಾಯರು."

ಮುದುಕಿ ಅವನನ್ನು ದಿಟ್ಟಿಸಿದರು. ಎದ್ದು ಅಕ್ಷತೆ ತಂದು ಜೀನುಗಳ ಮೇಲೆ ಹಾಕಿ, ಮಣೆಯನ್ನು ತುಸುವೇ ಉತ್ತರಕ್ಕೆ ಸರಿಸಿದರು. ದೇವರನ್ನು ಬೀಳ್ಕೊಟ್ಟಂತಾಯಿತು.

"ಬಿಚ್ಚು. ನಿನ್ನ ಆಮ್ಯಾಲ ವಿಚಾರಿಸ್ಕೋತೀನಿ."

ರಾಯರ ಜೀನಿನ ಹೊಟ್ಟೆಪಟ್ಟಿಯಲ್ಲಿ ಒಂದು ಬಕಲಿನ ಹಿಂದೆ ಬಿಳಿ ಉಪ್ಪು ಕೂತಿದ್ದರೂ ಚರ್ಮ ಗಟ್ಟಿಮುಟ್ಟು. ಬದುಕಿದೆ ಎಂದುಕೊಂಡ. ಇನ್ನೊಂದು ತುದಿಯನ್ನು ಬಗ್ಗಿಸಿದ. ಮಡಿಕೆ ಒಣಗಿದ ತುಟಿಯಂತೆ ಬಿರಿಯಿತು, ಹೊಲಿಗೆ ಉಗುರಿಗೆ ಕಿತ್ತು ಬಂತು. ರಂಗೂಬಾಯಿ ಬೆರಳಿಟ್ಟು ನೋಡಿದರು.

ಎರಡನೆಯ ಜೀನಿನ ಪಟ್ಟಿ ಪೂರ್ತಿ ಗಟ್ಟಿಮುಟ್ಟಾಗಿತ್ತು. ಅದನ್ನೇ ಒರೆಸಿ, ಜಗ್ಗಿ, ಮತ್ತೊಮ್ಮೆ ಜಗ್ಗಿ, ರಾಯರ ಜೀನಿಗೆ ಕಟ್ಟಿದ.

ರಾಯರು ಹೊರಟ ಮೇಲೂ ಅವನಿಗೆ ನೆಮ್ಮದಿಯಿಲ್ಲ. ಬೇರೆ ಪಟ್ಟಿ, ಬೇರೆ ಕುದುರೆಯ ಅಳತೆ. ಹೆಬ್ಬಾಗಿಲೊಳಗಿನ ಸಣ್ಣ ದಿಂಡಿ ಬಾಗಿಲಲ್ಲೇ ನಿಂತ. ಬೀದಿಯಲ್ಲಿ ಬಂದ ಪ್ರತಿ ಟಾಂಗಾದ ಸದ್ದಿಗೂ ಕತ್ತೆತ್ತಿದ.

ಸಂಜೆ ರಾಯರು ಧೂಳು ಮೆತ್ತಿಕೊಂಡು ಬಂದಿಳಿದು, ನಗುತ್ತ, ದಸರೆಯಲ್ಲಿ ಬಂಗಾರವೆಂದು ಹಂಚುವ ಎಲೆ ಚಾಚಿದರು. ಶಿವಪುತ್ರಪ್ಪ ಅದನ್ನು ನೋಡಲೇ ಇಲ್ಲ. ಅವನ ಕೈ ಆಗಲೇ ಕುದುರೆಯ ಹೊಟ್ಟೆಯಡಿ ಬಕಲು ಬಿಚ್ಚುತ್ತಿತ್ತು.

"ಹಬ್ಬದ ದಿನಾನೂ ಬಿಡೂದಿಲ್ಲೇನೋ?" ಎಂದರು ರಂಗೂಬಾಯಿ ಕಟ್ಟೆಯ ಮೇಲಿಂದ.

"ಇನ್ನೂ ಬೆವರು ಹಸಿ ಅದರಿ ಬಾಯಾರ," ಎಂದ, ತಲೆಯೆತ್ತದೆ.